ಪಿಂಜಾರ ಓಣಿಯ ಲೆಕ್ಕ

ಎರಡನೆಯ ಮಹಾಯುದ್ಧ 1945ರಲ್ಲಿ ಮುಗಿಯಿತು. ಅದರ ಬೆನ್ನಿಗೇ ಹುಟ್ಟಿದ ನಾವು ಬೆಳೆದದ್ದು ರಾಣೆಬೆನ್ನೂರು ತಾಲ್ಲೂಕಿನ ಹಲಗೇರಿಯ ಪಿಂಜಾರ ಓಣಿಯಲ್ಲಿ. ಊರು ಆಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿತ್ತು. ಮನೆಮಾತು ಕನ್ನಡ, ಕಸುಬು ಅರಳೆ ಹಿಂಜುವುದು. ಅಪ್ಪ ಬಿಲ್ಲಿನ ನರಕ್ಕೆ ಹೊಡೆದಾಗ ಏಳುವ ಝೇಂಕಾರವೇ ನಮಗೆ ಬೆಳಗಿನ ಗಡಿಯಾರ. ಹುಬ್ಬು, ರೆಪ್ಪೆಗಳ ಮೇಲೆ ಅರಳೆ ಕೂತು ಅವನು ಹರೆಯದಲ್ಲೇ ಮುದುಕನಂತೆ ಕಾಣುತ್ತಿದ್ದ. ಊರ ಮದುವೆಗಳಿಗೆ ಗಾದಿ ಹೊಲಿದುಕೊಡುತ್ತಿದ್ದ ಅವ್ವ ನಮ್ಮನ್ನು ಮಲಗಿಸುತ್ತಿದ್ದದ್ದು ಹರಕು ಕೌದಿಯ ಮೇಲೆ.

1956ರ ನವೆಂಬರ್ 1ರಂದು ಊರು ಮೈಸೂರು ರಾಜ್ಯಕ್ಕೆ ಸೇರಿತು. ಓಣಿಯಲ್ಲಿ ಅದಕ್ಕಿಂತ ಹೆಚ್ಚು ಮಾತಾದದ್ದು 1957ರ ಏಪ್ರಿಲ್‌ನಲ್ಲಿ ಬಂದ ನಯಾಪೈಸೆ. ರೂಪಾಯಿಗೆ 16 ಆಣೆ ಹೋಗಿ 100 ಪೈಸೆಯಾಯಿತು. ಒಂದಾಣೆಯ ಬೆಲೆ ಆರೂಕಾಲು ಪೈಸೆ. ಕೈಗೆ ಸಿಗುತ್ತಿದ್ದದ್ದು ಆರೇ. ಹದಿನಾರು ಮನೆಗಳಿಂದ ಒಂದೊಂದಾಣೆ ಕೂಲಿ ಕೂಡಿಸಿದರೆ 96 ಪೈಸೆ. ಉಳಿದ ನಾಲ್ಕು ಪೈಸೆ ಎಲ್ಲಿ ಹೋಯಿತೆಂದು ಅವ್ವ ಕೇಳಿದಳು. ಶಾಲೆಗೆ ಹೋಗುತ್ತಿದ್ದ ನಮಗೂ ಉತ್ತರ ಹೊಳೆಯಲಿಲ್ಲ.

ಮುಂದೆ ಹಿಂಜುವ ಯಂತ್ರ ಬಂತು, ಬಿಲ್ಲು ಗೋಡೆ ಸೇರಿತು. ರಾಜ್ಯಗಳ ಗಡಿ ಬದಲಾದದ್ದು ಚರಿತ್ರೆಯ ಪುಸ್ತಕದಲ್ಲಿದೆ. ಕೂಲಿಯವರ ಆ ನಾಲ್ಕು ಪೈಸೆಯ ಲೆಕ್ಕವನ್ನೂ ಯಾರಾದರೂ ಬರೆದಿಡಬೇಕಲ್ಲವೇ?