ಟೊಮೇಟೊ ಎಲೆಮುದುಡು ರೋಗ: ‘ಹೊಸ’ ವೈರಸ್‌ಗಳ ಕಾಲನಿರ್ಣಯ

ರೋಗಕಾರಕವೊಂದಕ್ಕೆ ಹೆಸರು ದೊರೆತ ವರ್ಷವನ್ನೇ ಅದರ ಜನ್ಮವರ್ಷವೆಂದು ಭಾವಿಸುವ ವಾಡಿಕೆಯುಂಟು. ಇತಿಹಾಸದ ಅಭ್ಯಾಸಿಗಳಾದ ನಾವು ಇದನ್ನು ಪರೀಕ್ಷಿಸದೆ ಒಪ್ಪಲಾಗದು. ಟೊಮೇಟೊ ಗಿಡದ ಎಲೆಮುದುಡು ರೋಗದ ವೃತ್ತಾಂತವು ಇದಕ್ಕೆ ತಕ್ಕ ನಿದರ್ಶನವಾಗಿದೆ.

ಈ ರೋಗ ತಗಲಿದ ಗಿಡದ ಎಲೆಗಳು ಹಳದಿಗೂಡಿ ಮುದುಡುತ್ತವೆ, ಬೆಳವಣಿಗೆ ಕುಂಠಿತವಾಗುತ್ತದೆ, ಎಳೆಯ ಪ್ರಾಯದಲ್ಲಿಯೇ ತಗಲಿದರೆ ಫಸಲು ಕೈಗೆ ಹತ್ತದು. ಭಾರತದಲ್ಲಿ ಇದನ್ನು ಶಾಸ್ತ್ರೀಯವಾಗಿ ವರ್ಣಿಸಿದ ವಾಸುದೇವ ಮತ್ತು ಸ್ಯಾಮ್‌ರಾಜ್ ಅವರ ಲೇಖನವು 1948ರಲ್ಲಿ ಪ್ರಕಟವಾಯಿತು. ಅಂದು ಮುಖ್ಯ ಆಧಾರಗಳೆಂದರೆ ಗಿಡದಲ್ಲಿ ಕಾಣುವ ಲಕ್ಷಣ ಹಾಗೂ ರೋಗ ಹರಡುವ ಬಗೆ. ಲಕ್ಷಣ ಒಂದೇ, ಅದನ್ನು ಹೊತ್ತೊಯ್ಯುವ ಬಿಳಿನೊಣವೂ ಒಂದೇ. ಆದುದರಿಂದ ವೈರಸ್ಸೂ ಒಂದೇ ಎಂದು ಎಣಿಸುವುದು ಸಹಜವಾಗಿತ್ತು.

1970ರ ದಶಕದಲ್ಲಿ ಈ ವರ್ಗದ ವೈರಸ್‌ಗಳ ಕಣಗಳು ಅವಳಿಯಾಗಿರುವುದೂ ಅವುಗಳೊಳಗೆ ಒಂಟಿ ಎಳೆಯ ಡಿಎನ್‌ಎ ಇರುವುದೂ ತಿಳಿದುಬಂದಿತು. ಡಿಎನ್‌ಎ ಸರಣಿಯನ್ನು ಓದುವುದು ಸಾಧ್ಯವಾದ ಮೇಲೆ ಹಳೆಯ ಎಣಿಕೆ ನಿಲ್ಲಲಿಲ್ಲ. 1995ರಲ್ಲಿ ವರ್ಣಿತವಾದ ನವದೆಹಲಿಯ ವೈರಸ್ಸಿಗೆ ಡಿಎನ್‌ಎ ಎರಡು ತುಂಡುಗಳಲ್ಲಿದ್ದರೆ, ಬೆಂಗಳೂರಿನದಕ್ಕೆ ಒಂದೇ ತುಂಡು. 2015ರಲ್ಲಿ ನಿಗದಿಯಾದ ನಿಯಮದಂತೆ, ಮುಖ್ಯ ಡಿಎನ್‌ಎ ತುಂಡು ಈಗಾಗಲೇ ತಿಳಿದ ವೈರಸ್‌ಗಳನ್ನು ಶೇಕಡ 91ಕ್ಕಿಂತ ಕಡಿಮೆ ಹೋಲಿದರೆ ಅದನ್ನು ಹೊಸ ಪ್ರಭೇದವೆಂದು ಎಣಿಸಲಾಗುತ್ತದೆ.

ಆದರೆ ಹೊಸದಾಗಿ ತಿಳಿದುದೆಲ್ಲ ಹೊಸದಾಗಿ ಹುಟ್ಟಿದುದಲ್ಲ. ಇದೇ ಕುಟುಂಬಕ್ಕೆ ಸೇರಿದ, ದ್ರಾಕ್ಷಿಯ ಎಲೆ ಕೆಂಪಾಗಿಸುವ ವೈರಸ್ಸಿನ ರೋಗವನ್ನು ಕ್ಯಾಲಿಫೋರ್ನಿಯದಲ್ಲಿ ಗುರುತಿಸಿದ್ದು 2008ರಲ್ಲಿ. ಅಲ್ಲಿಯೇ 1940ರಲ್ಲಿ ಒಣಗಿಸಿಟ್ಟಿದ್ದ ಎಲೆಯೊಂದರಲ್ಲಿ ಆ ವೈರಸ್ಸು ಅನಂತರ ದೊರೆಯಿತು. ಇದಕ್ಕೆ ಪ್ರತಿಯಾಗಿ, ಎರಡು ವೈರಸ್‌ಗಳ ಡಿಎನ್‌ಎ ಬೆರೆತು ನಿಜಕ್ಕೂ ಹೊಸದೊಂದು ಉದಿಸುವುದೂ ಉಂಟು. ಹೆಸರಿನಲ್ಲಿರುವ ಊರಾದರೂ ಪತ್ತೆಯಾದ ಸ್ಥಳವನ್ನು ಸೂಚಿಸುತ್ತದೆಯೇ ಹೊರತು ಉಗಮಸ್ಥಾನವನ್ನಲ್ಲ.

ಈ ವಿವೇಚನೆಯ ಫಲ ಹೊಲದವರೆಗೂ ಮುಟ್ಟುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ಎಲೆಮುದುಡು ರೋಗವನ್ನು ತಡೆಯಬಲ್ಲ ಸಂಕ್ರಾಂತಿ, ನಂದಿ, ವೈಭವ್ ಎಂಬ ತಳಿಗಳನ್ನು ನೀಡಿದೆ. ಒಂದು ವೈರಸ್ಸನ್ನು ತಾಳಿಕೊಳ್ಳುವ ತಳಿ ಮತ್ತೊಂದನ್ನು ತಾಳಲೇಬೇಕೆಂಬ ನಿಯಮವಿಲ್ಲ. ತಳಿ ಸೋತಾಗ, ಬಂದಿರುವುದು ಹೊಸ ಶತ್ರುವೋ ಇದುವರೆಗೆ ಗುರುತಿಸದಿದ್ದ ಹಳೆಯ ಶತ್ರುವೋ ಎಂಬುದು ತಿಳಿಯಬೇಕು. ಅದಕ್ಕೆ ಹಿಂದಿನ ಬರಹಗಳ ಜೊತೆಗೆ ಹಿಂದಿನ ಎಲೆಗಳೂ ಬೇಕು. ನಮ್ಮ ಕಾಲೇಜುಗಳ ಸಸ್ಯಸಂಗ್ರಹಗಳನ್ನು ಹಳೆಯ ಕಡತಗಳಷ್ಟೇ ಜತನದಿಂದ ಕಾಪಾಡುವುದು ಯುಕ್ತವೆಂದು ನಾವು ಭಾವಿಸುತ್ತೇವೆ.