ಬೆಂಗಳೂರಿನಲ್ಲಿ ಕಾರಿಲ್ಲದ ಸಂಸಾರ

ಬೆಂಗಳೂರಿನ ಹಳೆಯ ಬಡಾವಣೆಗಳು ಹುಟ್ಟಿದ್ದೇ ಕಾಲ್ನಡಿಗೆಯ ಅಳತೆಯಲ್ಲಿ. 1892ರಲ್ಲಿ ಚಾಮರಾಜಪೇಟೆ ತಲೆಯೆತ್ತಿತು. ಅದೇ ದಶಕದಲ್ಲಿ ಮಲ್ಲೇಶ್ವರ, ಬಸವನಗುಡಿಗಳೂ ರೂಪುಗೊಂಡವು. 1898ರಲ್ಲಿ ಪ್ಲೇಗು ಬಂದು ಪೇಟೆಯ ಇಕ್ಕಟ್ಟಾದ ಕೇರಿಗಳಲ್ಲಿ ಜನ ಸಾಯತೊಡಗಿದಾಗ, ಗಾಳಿ ಬೆಳಕಿನ ಈ ಹೊಸ ಜಾಗಗಳಿಗೆ ಸಂಸಾರಗಳು ಬಂದು ನೆಲೆಸಿದವು. ನೇರವಾದ ಮುಖ್ಯರಸ್ತೆ, ಅದನ್ನು ಹಾಯುವ ಅಡ್ಡರಸ್ತೆ, ಮನೆಗಳ ಹಿಂಬದಿಗೆ ಮಲ ಸಾಗಿಸಲು ಕನ್ಸರ್ವೆನ್ಸಿ ಓಣಿ: ಇದು ಅಲ್ಲಿನ ವಿನ್ಯಾಸ. ಅಂಗಡಿಬೀದಿಯೆಂದರೆ ಮಲ್ಲೇಶ್ವರದವರಿಗೆ ಎಂಟನೇ ಕ್ರಾಸ್, ಬಸವನಗುಡಿಯವರಿಗೆ ಗಾಂಧಿ ಬಜಾರ್. 1917ರಲ್ಲಿ ನ್ಯಾಷನಲ್ ಹೈಸ್ಕೂಲ್ ಶುರುವಾದ ಮೇಲೆ ಬಸವನಗುಡಿಯ ಹುಡುಗರು ಓದಿಗಾಗಿ ದೂರ ಹೋಗಬೇಕಾದ ಪ್ರಮೇಯವೂ ಕಡಿಮೆಯಾಯಿತು. ತರಕಾರಿ, ಸೊಪ್ಪು, ಹಾಲು ಮನೆಬಾಗಿಲಿಗೇ ಬರುತ್ತಿದ್ದವು. ಗೃಹಿಣಿಯೊಬ್ಬಳ ದಿನದ ಓಡಾಟವೆಲ್ಲ ದೇವಸ್ಥಾನ, ದಿನಸಿ ಅಂಗಡಿ, ನೆಂಟರ ಮನೆಗಳ ನಡುವೆ ನಡಿಗೆಯಲ್ಲೇ ಮುಗಿಯುತ್ತಿತ್ತು.

ಅದಕ್ಕಿಂತ ದೂರದ ಪ್ರಯಾಣಕ್ಕೆ ಜಟಕಾ. ರೈಲು ನಿಲ್ದಾಣಕ್ಕೆ ಹಾಸಿಗೆ ಟ್ರಂಕು ಸಾಗಿಸಲು, ಬಾಣಂತನಕ್ಕೆ ಮಗಳನ್ನು ತವರಿಗೆ ಕರೆತರಲು, ಮದುವೆಮನೆಗೆ ಹೋಗಲು ಹುಲ್ಲು ಹಾಸಿದ ಆ ಕುದುರೆಗಾಡಿಯೇ ಗತಿ. ಮುಂದೆ ಆಟೋರಿಕ್ಷಾ ಈ ಕೆಲಸವನ್ನೆಲ್ಲ ವಹಿಸಿಕೊಂಡಿತು, ಜಟಕಾ ನಿಲ್ದಾಣಗಳು ಒಂದೊಂದಾಗಿ ಬರಿದಾದವು.

ಗಂಡಸರ ಮಟ್ಟಿಗೆ ಸೈಕಲ್ಲೇ ಪ್ರಧಾನ. ಗುಮಾಸ್ತರು, ಮೇಷ್ಟರು, ಮಿಲ್ಲಿನ ಕೆಲಸಗಾರರು ಬುತ್ತಿಯನ್ನು ಕ್ಯಾರಿಯರಿಗೆ ಸಿಕ್ಕಿಸಿಕೊಂಡು ಹೊರಡುತ್ತಿದ್ದರು. ಮಗುವಿಗೆ ಮುಂದಿನ ಕಂಬಿಯ ಮೇಲೆ ಪುಟ್ಟ ಸೀಟು. ರಾತ್ರಿ ದೀಪವಿಲ್ಲದೆ ಹೊರಟವರನ್ನೂ ಡಬಲ್ ರೈಡ್ ಹೋದವರನ್ನೂ ಪೊಲೀಸರು ತಡೆದು ನಿಲ್ಲಿಸುತ್ತಿದ್ದರು. ಸ್ವಂತ ಸೈಕಲ್ ಇಲ್ಲದವರಿಗೆ ಗಂಟೆ ಲೆಕ್ಕದ ಬಾಡಿಗೆ ಅಂಗಡಿಗಳಿದ್ದವು. ಮಕ್ಕಳು ಸೈಕಲ್ ಕಲಿತದ್ದು ಬಹುಮಟ್ಟಿಗೆ ಈ ಬಾಡಿಗೆ ಸೈಕಲ್ಲಿನಲ್ಲೇ.

1940ರಲ್ಲಿ ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿ ನಗರದೊಳಗೆ ಬಸ್ಸು ಓಡಿಸತೊಡಗಿತು. 1956ರಲ್ಲಿ ಸರ್ಕಾರ ಅದನ್ನು ವಶಕ್ಕೆ ತೆಗೆದುಕೊಂಡಿತು. ಅಲ್ಲಿಂದ ಮುಂದೆ ಬಿಟಿಎಸ್ (ಬೆಂಗಳೂರು ಟ್ರಾನ್ಸ್‌ಪೋರ್ಟ್ ಸರ್ವಿಸ್) ಎಂಬ ಮೂರಕ್ಷರ ಊರಿನ ದಿನಚರಿಯನ್ನೇ ನಿಯಂತ್ರಿಸಿತು. ವಿದ್ಯಾರ್ಥಿಗಳ ರಿಯಾಯಿತಿ ಪಾಸು ಎಷ್ಟೋ ಬಡಮನೆಗಳ ಮಕ್ಕಳನ್ನು ಕಾಲೇಜಿನವರೆಗೆ ಮುಟ್ಟಿಸಿತು. ಬಸ್ಸಿನ ನೂಕುನುಗ್ಗಲು ಎಲ್ಲರಿಗೂ ನೆನಪಿರುತ್ತದೆ, ಈ ಉಪಕಾರವನ್ನು ನೆನೆಯುವವರು ಕಡಿಮೆ. ಇದೇ ಹೊತ್ತಿಗೆ ಎಚ್‌ಎಎಲ್ (1940), ಐಟಿಐ (1948), ಎಚ್‌ಎಂಟಿ (1953), ಬಿಇಎಲ್ (1954) ಕಾರ್ಖಾನೆಗಳು ಬೆಳೆದವು. ಪಾಳಿಗೆ ತಕ್ಕಂತೆ ಅವುಗಳದೇ ಬಸ್ಸುಗಳು ಬೀದಿ ಬೀದಿಗೆ ಬರುತ್ತಿದ್ದವು. ಕಾರ್ಖಾನೆಯ ಪಕ್ಕದಲ್ಲೇ ಮನೆ, ಶಾಲೆ, ಆಟದ ಮೈದಾನ ಇದ್ದ ದೂರವಾಣಿನಗರ, ಜಾಲಹಳ್ಳಿಯ ಕಾಲೊನಿಗಳಲ್ಲಿ ಸಂಸಾರಕ್ಕೆ ವಾಹನದ ಹಂಗೇ ಇರಲಿಲ್ಲ. ಕಾರಿಲ್ಲದ ಬದುಕಿಗೆ ಈ ನಗರ ಕಟ್ಟಿಕೊಟ್ಟ ಅತ್ಯುತ್ತಮ ಮಾದರಿ ಈ ಕಾಲೊನಿಗಳೇ.

ಆ ಕಾಲದಲ್ಲಿ ಕಾರು ಕೊಳ್ಳುವ ಶಕ್ತಿ ಇದ್ದವರೂ ಅಂಬಾಸಿಡರ್, ಫಿಯೆಟ್‌ಗಳಿಗಾಗಿ ವರ್ಷಗಟ್ಟಲೆ ಕಾಯಬೇಕಿತ್ತು. 1983ರ ಕೊನೆಯಲ್ಲಿ ಮಾರುತಿ 800 ಬಂದ ಮೇಲೆ ಮಧ್ಯಮವರ್ಗದ ಮನೆಮುಂದೆ ಕಾರು ನಿಲ್ಲುವ ಕಾಲ ಶುರುವಾಯಿತು. ಆದರೆ ಬೆಂಗಳೂರನ್ನು ಕಾರಿಗೆ ಕಟ್ಟಿಹಾಕಿದ್ದು ಕೇವಲ ಕೊಳ್ಳುವ ಆಸೆ ಅಲ್ಲ. ಕೆಲಸದ ಜಾಗಗಳು ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್‌ಗಳ ಕಡೆ ಸರಿದವು. ಕೃಷಿಭೂಮಿಯಲ್ಲಿ ಅನುಮತಿಯಿಲ್ಲದೆ ಎದ್ದ ರೆವಿನ್ಯೂ ಬಡಾವಣೆಗಳು ಬಸ್ಸು, ಚರಂಡಿ, ಪಾದಚಾರಿ ಮಾರ್ಗ ಯಾವುದೂ ಇಲ್ಲದೆ ಹಬ್ಬಿದವು. ಶಾಲೆಯನ್ನು ಹೆಸರು ನೋಡಿ ಆರಿಸುವುದು ಬಂದ ಮೇಲೆ ಮಕ್ಕಳು ನಡೆದು ಹೋಗುವುದನ್ನು ಬಿಟ್ಟು ವ್ಯಾನು ಹತ್ತಿದರು. ಹಳೆಯ ರಸ್ತೆಗಳನ್ನು ಅಗಲ ಮಾಡಲು ಮರಗಳನ್ನೂ ಪಾದಚಾರಿ ಮಾರ್ಗವನ್ನೂ ಬಲಿಕೊಟ್ಟದ್ದು ದೊಡ್ಡ ತಪ್ಪು. ವೃದ್ಧರು, ಮಕ್ಕಳು ರಸ್ತೆಗಿಳಿಯಲು ಹೆದರುವಂತಾಯಿತು.

1997ರಲ್ಲಿ ಬಿಟಿಎಸ್ ಬಿಎಂಟಿಸಿ ಎಂಬ ಪ್ರತ್ಯೇಕ ಸಂಸ್ಥೆಯಾಯಿತು. 2011ರ ಅಕ್ಟೋಬರ್ 20ರಂದು ಎಂ.ಜಿ. ರಸ್ತೆ–ಬೈಯಪ್ಪನಹಳ್ಳಿ ನಡುವೆ ಮೊದಲ ಮೆಟ್ರೊ ಓಡಿತು. ಹೊರವರ್ತುಲ ರಸ್ತೆಯಲ್ಲಿ 2019ರಲ್ಲಿ ಬಂದ ಬಸ್ಸಿನ ಪ್ರತ್ಯೇಕ ಪಥ ಮೆಟ್ರೊ ಕಾಮಗಾರಿ ಶುರುವಾದ ಮೇಲೆ ಉಳಿಯಲಿಲ್ಲ. 2023ರ ಜೂನ್ 11ರಂದು ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣದ ಶಕ್ತಿ ಯೋಜನೆ ಜಾರಿಗೆ ಬಂದು, ಮನೆಗೆಲಸ, ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ಹೆಂಗಸರ ಬಸ್ಸಿನ ಖರ್ಚು ಉಳಿಯಿತು. ಕಾರಿಲ್ಲದ ಸಂಸಾರಗಳಿಗೆ ಇತ್ತೀಚೆಗೆ ಸಿಕ್ಕ ದೊಡ್ಡ ಆಸರೆ ಇದು. ಮಗುವಿನ ಕೈಹಿಡಿದು ಬಸ್ ನಿಲ್ದಾಣದವರೆಗೆ ನಿರ್ಭಯವಾಗಿ ನಡೆಯುವಂಥ ಪಾದಚಾರಿ ಮಾರ್ಗ ಮಾತ್ರ ಬಹುಪಾಲು ಹೊಸ ಬಡಾವಣೆಗಳಲ್ಲಿ ಇನ್ನೂ ಆಗಬೇಕಿದೆ.