ಪಾಸ್ಖ ಹಬ್ಬಕ್ಕೆ ಮಕ್ಕಳೊಂದಿಗೆ ಗೋಧಿ ಮೊಳಕೆ

ಕ್ರಿಸ್ಮಸ್ ಕಾಲದಲ್ಲಿ ಗೋದಲಿಯ ಸುತ್ತ ಹಸಿರು ಕಾಣಲೆಂದು ತಟ್ಟೆಯಲ್ಲಿ ರಾಗಿ, ಭತ್ತ ಅಥವಾ ಗೋಧಿ ಬಿತ್ತುವುದು ನಮ್ಮ ಕರಾವಳಿಯ ಕ್ರೈಸ್ತ ಮನೆಗಳಿಗೆ ಹೊಸದಲ್ಲ. ಅದೇ ಕೆಲಸವನ್ನು ಪವಿತ್ರ ವಾರದಲ್ಲಿ ಮಕ್ಕಳ ಕೈಯಿಂದ ಮಾಡಿಸಿದರೆ, ಹಬ್ಬದ ಅರ್ಥವನ್ನು ಅವರು ಕಣ್ಣಾರೆ ಕಾಣುತ್ತಾರೆ. ಗರಿಗಳ ಭಾನುವಾರ ಬಿತ್ತಿದರೆ ಪಾಸ್ಖ ಭಾನುವಾರಕ್ಕೆ ಹಸಿರು ಸಿದ್ಧವಾಗುತ್ತದೆ. ಮನೆಯವರಿಗೂ ಕ್ರೈಸ್ತ ಶಿಕ್ಷಣ ತರಗತಿಯ ಶಿಕ್ಷಕರಿಗೂ ಉಪಯೋಗವಾಗಲೆಂದು ವಿವರಗಳನ್ನು ಇಲ್ಲಿ ಕೊಡಲಾಗಿದೆ.

ಗೋಧಿಯೇ ಏಕೆ?

ತಮ್ಮ ಮರಣದ ಬಗ್ಗೆ ಹೇಳುವಾಗ ಪ್ರಭು ಯೇಸು ಆರಿಸಿಕೊಂಡ ಹೋಲಿಕೆ ಮಣ್ಣಿಗೆ ಬಿದ್ದ ಗೋಧಿ ಕಾಳಿನದು (ಯೊವಾನ್ನ 12:24). ಬಲಿಪೂಜೆಯ ರೊಟ್ಟಿ ಗೋಧಿಯದೇ ಆಗಿರಬೇಕೆಂದು ಧರ್ಮಸಭೆಯ ಕಾನೂನು (ವಿಧಿ 924) ಹೇಳುತ್ತದೆ. ಆದರೆ ಭತ್ತದ ನಾಡಿನಲ್ಲಿ ಬೆಳೆಯುವ ನಮ್ಮ ಮಕ್ಕಳಲ್ಲಿ ಗೋಧಿಯ ಹೊಲ ಕಂಡವರು ವಿರಳ.

ಗೋಧಿ ಬೆಳೆಯುವುದನ್ನು ನಮ್ಮ ರಾಜ್ಯದಲ್ಲೇ ನೋಡಬೇಕಾದರೆ ಉತ್ತರಕ್ಕೆ ಹೋಗಬೇಕು. ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ತಾಂಬಾ, ಪಕ್ಕದ ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳಗಳ ಕಡೆ ಹಿಂಗಾರಿನಲ್ಲಿ ಬಿಳಿಜೋಳ, ಕಡಲೆ, ಕುಸುಬೆಗಳ ಜೊತೆಗೆ ಗೋಧಿಯನ್ನೂ ಬಿತ್ತುತ್ತಾರೆ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ ಬಿದ್ದರೆ ಅಲ್ಲಿ ಬೀಳುವುದು 600 ಮಿ.ಮೀ. ಆಸುಪಾಸು. ನೀರಾವರಿ ಇಲ್ಲದ ಹೊಲದಲ್ಲಿ, ಕಪ್ಪು ಎರೆಮಣ್ಣು ಹಿಡಿದಿಟ್ಟುಕೊಂಡ ತೇವವೇ ಬೆಳೆಯ ಜೀವ. ಅಕ್ಟೋಬರ್ ಹೊತ್ತಿಗೆ ಬಿತ್ತಿದ ಬೆಳೆ ಫೆಬ್ರವರಿ, ಮಾರ್ಚ್‌ನಲ್ಲಿ, ಅಂದರೆ ನಮ್ಮ ತಪಸ್ಸು ಕಾಲದ ಆಸುಪಾಸಿನಲ್ಲಿ ಕೊಯ್ಲಿಗೆ ಬರುತ್ತದೆ.

ಮನೆಯೊಳಗೆ ಕಾಳು ಮೊಳೆಯಿಸುವುದು ಆ ಕಡೆಯ ಜನರಿಗೂ ಪರಿಚಿತ. ನವರಾತ್ರಿಯಲ್ಲಿ ಘಟಸ್ಥಾಪನೆ ಮಾಡುವ ಹಿಂದೂ ಮನೆಗಳಲ್ಲಿ ಕುಂಭದ ಸುತ್ತ ಮಣ್ಣು ಹಾಕಿ ಧಾನ್ಯ ಬಿತ್ತುತ್ತಾರೆ. ಅದು ಅವರ ಪೂಜಾವಿಧಿ, ಅದನ್ನು ಗೌರವದಿಂದ ಕಾಣೋಣ. ಕ್ರೈಸ್ತರಲ್ಲಿಯೂ ಇಂಥ ರೂಢಿಯುಂಟು. ಇಟಲಿಯ ಸಿಸಿಲಿ, ಸಾರ್ಡೀನಿಯ ದ್ವೀಪಗಳಲ್ಲಿ ತಪಸ್ಸು ಕಾಲದಲ್ಲಿ ಗೋಧಿಯನ್ನು ಕತ್ತಲೆಯಲ್ಲಿ ಮೊಳೆಯಿಸಿ, ಆ ಬಿಳಿಚಿದ ಪೈರನ್ನು ಪವಿತ್ರ ಗುರುವಾರ ಪರಮಪ್ರಸಾದ ಇರಿಸುವ ಪೀಠದ ಬಳಿ ಅಲಂಕಾರಕ್ಕೆ ಇಡುತ್ತಾರೆ.

ಬೇಕಾಗುವ ವಸ್ತುಗಳು

ಅಂಚಿರುವ ಎರಡು ತಟ್ಟೆ, ಹತ್ತಿ ಅಥವಾ ತೆಂಗಿನ ನಾರಿನ ಪುಡಿ, ತಟ್ಟೆಗೆ ಒಂದು ಹಿಡಿಯಂತೆ ಇಡೀ ಗೋಧಿ. ಅಡುಗೆಗೆ ತರುವ ಗೋಧಿ ಸಾಕು. ಬಿತ್ತನೆಗೆಂದು ಮಾರುವ ಬಣ್ಣ ಹಚ್ಚಿದ ಬೀಜಕ್ಕೆ ವಿಷದ ಔಷಧಿ ಸವರಿರುತ್ತದೆ, ಅದನ್ನು ಮಕ್ಕಳ ಕೈಗೆ ಕೊಡಬಾರದು. ಹಳೆಯ ಗೋಧಿಯಾದರೆ ಒಂದು ವಾರ ಮೊದಲೇ ಕೆಲವು ಕಾಳುಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಪರೀಕ್ಷಿಸುವುದು ಒಳ್ಳೆಯದು.

ದಿನದಿಂದ ದಿನಕ್ಕೆ

ಶನಿವಾರ ರಾತ್ರಿ ಗೋಧಿಯನ್ನು ನೀರಿನಲ್ಲಿ ನೆನೆಹಾಕಿ. ಗರಿಗಳ ಭಾನುವಾರ ಬಲಿಪೂಜೆಯ ನಂತರ ನೀರು ಬಸಿದು, ಒದ್ದೆ ಹತ್ತಿಯ ಮೇಲೆ ಒತ್ತಾಗಿ ಹರಡಿ. ಪ್ರತಿ ಮಗುವಿಗೆ 20 ಕಾಳುಗಳನ್ನು ಎಣಿಸಿ ಕೊಟ್ಟು, ಅವನ್ನು ಬೇರೆಯೇ ಒಂದು ಸಣ್ಣ ತಟ್ಟೆಯಲ್ಲಿ ಬಿತ್ತಲು ಹೇಳಿ.

ಒಂದು ದೊಡ್ಡ ತಟ್ಟೆಯನ್ನು ಕಿಟಕಿಯ ಬಳಿ, ನೇರ ಬಿಸಿಲು ಬೀಳದಲ್ಲಿ ಇಡಿ. ಇನ್ನೊಂದನ್ನು ರಟ್ಟಿನ ಪೆಟ್ಟಿಗೆಯಿಂದ ಮುಚ್ಚಿ ಕಪಾಟಿನೊಳಗೆ ಇಡಿ. ಬೆಳಿಗ್ಗೆ, ಸಂಜೆ ನೀರು ಚಿಮುಕಿಸಿದರೆ ಸಾಕು. ನಮ್ಮ ಸೆಕೆಯಲ್ಲಿ ನೀರು ನಿಂತರೆ ಬೂಷ್ಟು ಹಿಡಿಯುತ್ತದೆ. ಆದರೆ ಬೇರಿನ ಸುತ್ತ ಕಾಣುವ ಬಿಳಿ ನವಿರೆಲ್ಲ ಬೂಷ್ಟಲ್ಲ. ನೀರು ಚಿಮುಕಿಸಿದಾಗ ಅಂಟಿಕೊಂಡು ಮರೆಯಾದರೆ ಅದು ಬೇರಿನ ರೋಮ. ವಾಸನೆ ಬಂದು ಬೂದುಬಣ್ಣಕ್ಕೆ ತಿರುಗಿದರೆ ಬೂಷ್ಟು, ಆ ಭಾಗವನ್ನು ತೆಗೆದುಹಾಕಿ.

ಒಂದೆರಡು ದಿನಗಳಲ್ಲಿ ಬೇರಿನ ತುದಿ, ಬುಧವಾರದ ಹೊತ್ತಿಗೆ ಮೊಳಕೆ ಕಾಣುತ್ತದೆ. ಕತ್ತಲೆಯ ಪೈರು ಬೆಳಕನ್ನು ಹುಡುಕಿ ಎತ್ತರಕ್ಕೆ ಚಾಚುತ್ತದೆ, ಆದರೆ ಹಳದಿಯಾಗಿಯೇ ಉಳಿಯುತ್ತದೆ. ಬೆಳಕಿಲ್ಲದೆ ಎಲೆಗೆ ಹಸಿರು ಬರುವುದಿಲ್ಲ. ಪವಿತ್ರ ಶನಿವಾರ ಬೆಳಿಗ್ಗೆ ಅದನ್ನು ಮಕ್ಕಳ ಮುಂದೆಯೇ ಕಿಟಕಿಗೆ ತನ್ನಿ. ಸಂಜೆಯೊಳಗೆ ಹಸಿರು ಛಾಯೆ ಮೂಡತೊಡಗುತ್ತದೆ. ರಾತ್ರಿ ಕತ್ತಲೆಯ ದೇವಾಲಯದೊಳಗೆ ಪಾಸ್ಖ ಮೇಣದಬತ್ತಿ ಬರುವುದನ್ನು ಕಾಣುವ ಮಗುವಿಗೆ ಆಗ ಹೆಚ್ಚು ವಿವರಣೆ ಬೇಕಾಗದು. ಧರ್ಮಕೇಂದ್ರದ ಗುರುಗಳು ಒಪ್ಪಿದರೆ ತಟ್ಟೆಗಳನ್ನು ಮೇಣದಬತ್ತಿಯ ಬುಡದಲ್ಲಿ ಇಡಬಹುದು, ಪೀಠದ ಮೇಲೆ ಬೇಡ.

ಮೊಳೆಯದ ಕಾಳು

ಕೆಲವು ಕಾಳುಗಳು ಮೊಳೆಯುವುದಿಲ್ಲ. ಮಗುವಿಗೆ ಬೇಸರವಾದೀತೆಂದು ರಾತ್ರೋರಾತ್ರಿ ಬೇರೆ ಕಾಳು ಇಡಬೇಡಿ. ನಮ್ಮ ದೇಶದಲ್ಲಿ ಪ್ರಮಾಣಿತ ಗೋಧಿ ಬೀಜಕ್ಕೂ ವಿಧಿಸಿರುವ ಕನಿಷ್ಠ ಮೊಳಕೆ ಶೇಕಡಾ 85, ಅಂದರೆ 20ರಲ್ಲಿ 17. ಜೋಳಕ್ಕೆ ಶೇಕಡಾ 75. ತಾಂಬಾದ ರೈತನಿಗೆ ಈ ಲೆಕ್ಕ ಆಟವಲ್ಲ. ಬೀಜ ಮೊಳೆಯದೆ ಹೋಗಿ ಮಣ್ಣಿನ ತೇವವೂ ಆರಿದರೆ, ಆ ವರ್ಷದ ರೊಟ್ಟಿಗೇ ಕೊರತೆ. ಮಕ್ಕಳು ಎಣಿಸಲಿ, ಬರೆದಿಡಲಿ, ರೈತರಿಗಾಗಿ ಪ್ರಾರ್ಥಿಸಲಿ. ಉತ್ತರ ಕರ್ನಾಟಕದಲ್ಲಿ ಸೇವೆ ಮಾಡುತ್ತಿರುವ ಗುರುಗಳು, ಧರ್ಮಭಗಿನಿಯರು ಇದೇ ವಿಧಾನದಲ್ಲಿ ಜೋಳವನ್ನೂ ಬಳಸಬಹುದು. ಅಲ್ಲಿಯ ಮಕ್ಕಳಿಗೆ ಅದೇ ಹೆಚ್ಚು ಹತ್ತಿರದ ಧಾನ್ಯ.

ಮಕ್ಕಳ ಪ್ರಶ್ನೆಗೆ ಉತ್ತರ

"ಕಾಳು ನಿಜವಾಗಿ ಸತ್ತಿತಾ?" ಎಂದು ಮಕ್ಕಳು ಕೇಳಬಹುದು. ಸತ್ತ ಕಾಳು ಮೊಳೆಯುವುದಿಲ್ಲವೆಂದು ವಿಜ್ಞಾನದ ಪುಸ್ತಕದಲ್ಲಿ ಅವರು ಓದಿರುತ್ತಾರೆ, ಅದು ಸರಿಯೇ. ಶನಿವಾರ ಒಂದು ಕಾಳನ್ನು ಹಿಸುಕಿ ತೋರಿಸಿ. ಒಳಗಿನ ಹಿಟ್ಟು ಹಾಲಿನಂತಾಗಿ ಮೊಳಕೆಗೆ ಆಹಾರವಾಗುತ್ತಿದೆ, ಸಿಪ್ಪೆ ಬರಿದಾಗುತ್ತಿದೆ. ಕಾಳು ತನಗಾಗಿ ಏನನ್ನೂ ಉಳಿಸಿಕೊಳ್ಳಲಿಲ್ಲ. ಪ್ರಭುವಿನ ಮಾತಿನ ತಿರುಳು ಇದೇ.

ಮನೆಯಲ್ಲಿ ಇತ್ತೀಚೆಗೆ ಸಾವು ಕಂಡ ಮಗುವಿದ್ದರೆ ಇನ್ನಷ್ಟು ಎಚ್ಚರ ಬೇಕು. ಅಜ್ಜಿ ಕೂಡ ಹೀಗೆಯೇ ಮಣ್ಣಿನಿಂದ ಮೇಲೇಳುತ್ತಾರೆ ಎಂದು ಸುಲಭವಾಗಿ ಹೇಳಿಬಿಡಬೇಡಿ. ಮಗು ಸಮಾಧಿಯ ಬಳಿ ಹೋಗಿ ಕಾದೀತು. ಸಂತ ಪೌಲರೂ ಬೀಜದ ಹೋಲಿಕೆ ಕೊಡುತ್ತಾರೆ (1 ಕೊರಿಂಥ 15:35–44), ಆದರೆ ಹೋಲಿಕೆ ಹೋಲಿಕೆಯೇ. ಕಾಳು ಮೊಳೆಯುವುದು ಅದರ ಸ್ವಭಾವ, ಪುನರುತ್ಥಾನವಾದರೋ ದೇವರ ವರ. ನಾವು ಅದನ್ನು ನಂಬಿ ಕಾಯುತ್ತೇವೆ, ಕಾಯುವಾಗ ಅಳುವುದೂ ತಪ್ಪಲ್ಲ ಎಂದು ಹೇಳಿದರೆ ಸಾಕು.

ಹಬ್ಬದ ನಂತರ

ಹತ್ತಿಯ ಮೇಲಿನ ಪೈರು ತೆನೆ ಬಿಡುವುದಿಲ್ಲ. ಕಾಳಿನ ಆಹಾರ ಮುಗಿದ ಮೇಲೆ ಅದು ಹಳದಿಯಾಗತೊಡಗುತ್ತದೆ. ಅದಕ್ಕೆ ಮೊದಲೇ, ಬೂಷ್ಟಿಲ್ಲದ ಪೈರನ್ನು ಕತ್ತರಿಸಿ ದನಕ್ಕೋ ಆಡಿಗೋ ಹಾಕಿ, ಉಳಿದದ್ದನ್ನು ಗೊಬ್ಬರದ ಗುಂಡಿಗೆ ಸೇರಿಸಿ. ಅದನ್ನೂ ಮಕ್ಕಳೇ ಮಾಡಲಿ.

ಎಲ್ಲ ಕುಟುಂಬಗಳಿಗೂ ಪುನರುತ್ಥಾನಿ ಪ್ರಭುವಿನ ಆಶೀರ್ವಾದವಿರಲಿ.